ಶತ್ರುವಿನ ಬಲವನ್ನು ಅಳೆದವರು: ಮಲಪ್ರಭೆಯಿಂದ ಕೃಷ್ಣೆಯವರೆಗೆ

ಇತಿಹಾಸದ ಪಠ್ಯಪುಸ್ತಕಗಳಲ್ಲಿ ಯುದ್ಧದ ಪ್ರಸ್ತಾಪ ಬಂದಾಗಲೆಲ್ಲ ಸಂಖ್ಯೆಗಳು ಇದ್ದೇ ಇರುತ್ತವೆ. ಇಂತಹ ಅರಸನ ಬಳಿ ಇಷ್ಟು ಸಾವಿರ ಕುದುರೆ, ಇಷ್ಟು ಲಕ್ಷ ಕಾಲಾಳು, ಇಷ್ಟು ಆನೆ. ಅವನ್ನು ತಪ್ಪಿಲ್ಲದೆ ಬರೆದ ವಿದ್ಯಾರ್ಥಿಗೆ ನಾವು ಶಿಕ್ಷಕರು ಪೂರ್ಣ ಅಂಕ ಕೊಡುತ್ತಿದ್ದೆವು. ಆದರೆ ಆ ದಂಡನ್ನು ಎಣಿಸಿದವರು ಯಾರು, ಎಲ್ಲಿ ನಿಂತು ಎಣಿಸಿದರು, ಯಾರ ಬಾಯಿಂದ ಕೇಳಿ ಬರೆದರು ಎಂದು ಕೇಳುವವರು ವಿರಳ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ದಂಡೆತ್ತಿ ಹೋದಾಗ ಆತನ ಬಳಿ 7,03,000 ಕಾಲಾಳು, 32,600 ಕುದುರೆ ಮತ್ತು 551 ಆನೆಗಳಿದ್ದವೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅವನು ಇದನ್ನು ಬರೆದದ್ದು ಯುದ್ಧ ಮುಗಿದು ಸುಮಾರು ಹದಿನೈದು ವರ್ಷಗಳಾದ ಮೇಲೆ. ಆನೆಗಳ ಲೆಕ್ಕ ಐನೂರಾ ಐವತ್ತೊಂದಕ್ಕೆ ನಿಂತಿರುವುದನ್ನು ನೋಡಿದರೆ ನನಗೆ ಗೌರವಕ್ಕಿಂತ ಸಂಶಯವೇ ಹೆಚ್ಚು. ಇರಲಿ. ಇಂತಹ ಲೆಕ್ಕ ತಪ್ಪಾದರೆ ಓದುವವನಿಗೆ ನಷ್ಟವೇನೂ ಇಲ್ಲ. ನಾಳೆ ಬೆಳಿಗ್ಗೆ ಆ ಸೈನ್ಯದ ಎದುರು ನಿಲ್ಲಬೇಕಾದವನಿಗೆ ಮಾತ್ರ ಅದು ಪ್ರಾಣದ ಪ್ರಶ್ನೆ.

ಹೀಗೆ ಎದುರಾಳಿಯ ಬಲವನ್ನು, ಅವನ ಮೇವು, ಧಾನ್ಯ, ಹಣ, ದಾರಿಗಳನ್ನು ಲೆಕ್ಕ ಹಾಕಿದ ಒಂದು ಮುಖ್ಯ ಪ್ರಸಂಗ ನಮ್ಮ ಭಾಗದಲ್ಲಿಯೇ ನಡೆದಿದೆ. ತುಂಗಭದ್ರೆಯಿಂದ ಕೃಷ್ಣೆಯವರೆಗಿನ ಈ ನೆಲದಲ್ಲಿ ಓಡಾಡಿ, ನಮ್ಮ ಹೊಳೆಗಳನ್ನು ಕಂಡು, ಮರಾಠರ ಶಕ್ತಿಯನ್ನು ಅಳೆದು 1801ರಲ್ಲಿ ಒಂದು ಟಿಪ್ಪಣಿ ಬರೆದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ದೊರೆ ಇವನೇ. ಆಗ ಅವನಿಗೆ ಮೂವತ್ತೆರಡರ ಪ್ರಾಯ. ಶ್ರೀರಂಗಪಟ್ಟಣದಲ್ಲಿ ಠಾಣ್ಯದ ಅಧಿಕಾರಿ. ಇಂಗ್ಲಿಷರಿಗೂ ಪೇಶ್ವೆಗೂ ಆ ವರ್ಷ ಯುದ್ಧವಿರಲಿಲ್ಲ ಎಂಬುದನ್ನು ಗಮನಿಸಬೇಕು. ಯುದ್ಧ ಬಂದೀತೆಂದು ಊಹಿಸಿ, ಮಿತ್ರನಾಗಿರುವಾಗಲೇ ನೆರೆಯವನ ಬಲವನ್ನು ಅಳೆದಿಟ್ಟ ಕಾಗದ ಅದು.

ಅವನಿಗೆ ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. ಹತ್ತು ವರ್ಷಗಳ ಹಿಂದೆ, 1791ರಲ್ಲಿ, ಲಾರ್ಡ್ ಕಾರ್ನ್‌ವಾಲಿಸನು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಹಿಂತಿರುಗಬೇಕಾಯಿತು. ಟಿಪ್ಪುವಿನ ಸವಾರರು ಸುತ್ತಲಿನ ಮೇವನ್ನು ಸುಟ್ಟಿದ್ದರು. ಎತ್ತುಗಳು ಸತ್ತು, ತೋಪು ಎಳೆಯುವವರಿಲ್ಲದೆ, ಮೇ ತಿಂಗಳ 22ರಂದು ಕಾರ್ನ್‌ವಾಲಿಸನು ತನ್ನ ದೊಡ್ಡ ಕೋಟೆತೋಪುಗಳನ್ನು ತಾನೇ ಒಡೆಸಿ ಹಾಕಿದ. ನಾಲ್ಕೇ ದಿನಗಳ ತರುವಾಯ, ಹಿಮ್ಮೆಟ್ಟುವ ದಾರಿಯಲ್ಲಿ, ಎದುರಿಗೆ ಕುದುರೆಗಳ ಧೂಳು ಕಂಡಿತು. ಟಿಪ್ಪುವಿನ ದಂಡೆಂದು ಇಂಗ್ಲಿಷರು ಸಿದ್ಧರಾದರು. ಬಂದವರು ಪರಶುರಾಮಭಾವು ಪಟವರ್ಧನ ಮತ್ತು ಹರಿಪಂತ ಫಡಕೆಯವರ ಮರಾಠಾ ಸೈನ್ಯ, ಅಂದರೆ ಇಂಗ್ಲಿಷರದೇ ಮಿತ್ರಪಡೆ! ಅವರ ಪೇಟೆಯಲ್ಲಿ ಧಾನ್ಯವೂ ಇತ್ತು, ಎತ್ತುಗಳೂ ಇದ್ದವು, ಬೆಲೆ ಮಾತ್ರ ಬಾಯಿಗೆ ಬಂದಷ್ಟು. ಟಿಪ್ಪುವಿನ ಸವಾರರು ನಡುವಿನ ಓಲೆಕಾರರನ್ನೆಲ್ಲ ಹಿಡಿದದ್ದರಿಂದ, ಕೆಲವೇ ಹರದಾರಿ ದೂರದಲ್ಲಿ ನೆರವು ಇದೆಯೆಂಬುದೇ ಕಾರ್ನ್‌ವಾಲಿಸನಿಗೆ ತಿಳಿಯಲಿಲ್ಲ. ತಿಳಿದಿದ್ದರೆ ಆ ತೋಪುಗಳು ಉಳಿಯುತ್ತಿದ್ದವು. ಶತ್ರುವಿನ ಬಲ ತಿಳಿಯದಿದ್ದರೆ ಆಗುವ ಹಾನಿಯಷ್ಟೇ ಹಾನಿ ಸ್ವಂತ ಬಲ ತಿಳಿಯದಿದ್ದಾಗಲೂ ಆಗುತ್ತದೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಮನೆಯಿಂದ ಹೊರಬಂದವರಲ್ಲಿ ಚನ್ನಗಿರಿಯ ಧೋಂಡಿಯಾ ವಾಘ್ ಒಬ್ಬ. ಚದುರಿಹೋದ ಮೈಸೂರು ಸವಾರರನ್ನು ಕೂಡಿಸಿಕೊಂಡು, ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡು, ಆತ ಮಲಪ್ರಭೆಯ ಸೀಮೆಗೆ ಬಂದ. ಇಂಗ್ಲಿಷ್ ಪುಸ್ತಕಗಳಲ್ಲಿ ಅವನು ಕೇವಲ ದರೋಡೆಕೋರ. ನಮ್ಮಲ್ಲಿ ಇತ್ತೀಚೆಗೆ ಅವನನ್ನು ಸ್ವಾತಂತ್ರ್ಯ ಹೋರಾಟಗಾರನೆನ್ನುವವರೂ ಇದ್ದಾರೆ. ಈ ಎರಡು ಮಾತುಗಳಲ್ಲಿ ಯಾವುದನ್ನೂ ಪೂರ್ತಿಯಾಗಿ ಒಪ್ಪಲು ನನಗೆ ಮನಸ್ಸಿಲ್ಲ. 1800ರ ಜೂನ್ 30ರಂದು ಕಿತ್ತೂರಿನ ಸಮೀಪದಲ್ಲಿ ಆತ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯ ಮೇಲೆ ಎರಗಿ ಅವನನ್ನು ಕೊಂದ. ಗೋಖಲೆಗೆ ಈ ಸೀಮೆ ಹೊಸದಲ್ಲ, ಆದರೂ ಎದುರಾಳಿ ಎಲ್ಲಿದ್ದಾನೆ, ಎಷ್ಟಿದ್ದಾನೆ ಎಂಬ ಅಂದಾಜು ತಪ್ಪಿತ್ತು.

ಧೋಂಡಿಯಾನನ್ನು ಬೆನ್ನಟ್ಟಿ ಬಂದ ವೆಲ್ಲೆಸ್ಲಿಗೆ ಮೊದಲು ಅಡ್ಡ ಬಂದದ್ದು ಧೋಂಡಿಯಾ ಅಲ್ಲ, ಹೊಳೆ. ಜೂನ್ ಕೊನೆಯಲ್ಲಿ ಹಾವನೂರಿನ ಬಳಿ ತುಂಗಭದ್ರೆ ಒಮ್ಮೆಲೇ ತುಂಬಿ ಬಂದು ಅವನ ಸೈನ್ಯವನ್ನು ಹಲವು ದಿನ ತಡೆದು ನಿಲ್ಲಿಸಿತು. ಹರಿಗೋಲುಗಳಲ್ಲಿ ಜನ, ತೋಪು, ಧಾನ್ಯಗಳನ್ನು ಸ್ವಲ್ಪ ಸ್ವಲ್ಪವಾಗಿ ದಾಟಿಸಬೇಕಾಯಿತು. ಜುಲೈ 14ರಂದು ಕುಂದಗೋಳ, 26ರಂದು ಡಂಬಳದ ಕೋಟೆ ಅವನ ವಶವಾದವು. 30ರಂದು ಮುನವಳ್ಳಿಯ ಎದುರಿಗೆ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಬಿಡಾರದ ಮೇಲೆ ಬಿದ್ದಾಗ, ತುಂಬಿದ ಹೊಳೆಗೆ ಹಾರಿದ ಸವಾರರು ಬಹುಮಂದಿ ಮುಳುಗಿ ಸತ್ತರು. ಅದೇ ಹೊಳೆ ಈಗ ಪಕ್ಷ ಬದಲಿಸಿತ್ತು. ಧೋಂಡಿಯಾ ಮಲಪ್ರಭೆಯ ಹುಟ್ಟಿನ ಕಡೆಯ ಕಾಡನ್ನು ಸುತ್ತಿ ತಪ್ಪಿಸಿಕೊಂಡ. ಕೊನೆಗೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಸುಮಾರು 5,000 ಸವಾರರೊಂದಿಗೆ ಎದುರು ನಿಂತು ಹತನಾದ. ಆತನ ಚಿಕ್ಕ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತಾನೇ ಸಾಕಿದ ಎಂಬುದು ಬೇರೆಯ ಕಥೆ.

ಈ ಮೂರು ತಿಂಗಳ ಓಡಾಟದ ಫಲವೇ 1801ರ ಟಿಪ್ಪಣಿ. ಅದರ ವಾದವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮರಾಠರ ಸೈನ್ಯದ ಮುಖ್ಯ ಬಲ ಕುದುರೆ ಸವಾರರು. ಅವರು ಎದುರಿಗೆ ನಿಂತು ಕಾದುವುದಕ್ಕಿಂತ ಹಿಂದಿನಿಂದ ಬಂದು ದಾರಿ ಕಡಿಯುತ್ತಾರೆ, ಮೈಸೂರಿನಿಂದ ಬರುವ ಧಾನ್ಯವನ್ನು ತಡೆಯುತ್ತಾರೆ. ಹಾಗಾದರೆ ಅವರ ಕುದುರೆ ಓಡದಂತೆ ಮಾಡುವ ಕಾಲ ಯಾವುದು? ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಹೊಳೆಗಳು ತುಂಬುವ ಕಾಲ. ಆಗ ವರದೆ, ಮಲಪ್ರಭೆ, ಘಟಪ್ರಭೆ, ಕೃಷ್ಣೆ ಇವು ಒಂದರ ಹಿಂದೊಂದು ಕೋಟೆಗಳಾಗುತ್ತವೆ. ಸೇತುವೆ ಒಂದಕ್ಕೂ ಇಲ್ಲ. ದಾಟುವ ಸಾಧನ ಹರಿಗೋಲೊಂದೇ. ಅದನ್ನು ಯಾರು ಮೊದಲೇ ಕಟ್ಟಿಸಿ ಕಾವಲಿಟ್ಟುಕೊಂಡಿರುತ್ತಾರೋ ಹೊಳೆ ಅವರದು. ಮೇಲಾಗಿ ಮಳೆಗಾಲದಲ್ಲಿ ಹಸಿರು ಮೇವು ಎಲ್ಲೆಡೆ ಸಿಗುತ್ತದೆ. ಮಳೆಗಾಲವೆಂದರೆ ದಂಡು ಮನೆಗೆ ಹೋಗುವ ಕಾಲ, ದಸರೆಯ ಸೀಮೋಲ್ಲಂಘನದ ನಂತರವೇ ಯುದ್ಧ ಎಂಬ ಮರಾಠರ ನೂರಾರು ವರ್ಷಗಳ ರೂಢಿಯನ್ನು ಈತ ಬುಡಮೇಲು ಮಾಡಿದ. ನನ್ನ ದೃಷ್ಟಿಯಲ್ಲಿ ಇದು ತೋಪುಗಳಿಗಿಂತ ದೊಡ್ಡ ಆಯುಧ.

ಬೇಡಕಿಹಾಳದ ಸುತ್ತಲಿನವರಿಗೆ ಈ ವಾದವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಪುನರ್ವಸು, ಪುಷ್ಯ ಮಳೆಗಳು ಜೋರಾದವೆಂದರೆ ದೂಧಗಂಗೆ, ವೇದಗಂಗೆ, ಕೃಷ್ಣೆಗಳ ಮೇಲಿನ ನಮ್ಮ ತಗ್ಗು ಸೇತುವೆಗಳು ಒಂದೊಂದಾಗಿ ನೀರಿನಡಿ ಹೋಗುವುದು ಪ್ರತಿ ವರ್ಷದ ಸುದ್ದಿ: ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ, ಕಲ್ಲೋಳ–ಯಡೂರು. ಆಚೆ ದಂಡೆಯ ಊರು ಕಣ್ಣಿಗೆ ಕಾಣುತ್ತಿರುತ್ತದೆ, ಹೋಗಬೇಕಾದರೆ ಹತ್ತಾರು ಮೈಲಿ ಸುತ್ತು. 2005ರಲ್ಲಿ, 2019ರಲ್ಲಿ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಸಿಮೆಂಟು, ಕಾಂಕ್ರೀಟು ಇರುವ ಕಾಲದಲ್ಲೇ ಹೀಗೆ. ಹರಿಗೋಲಿನ ಕಾಲದಲ್ಲಿ ಹತ್ತು ಸಾವಿರ ಕುದುರೆಗಳ ಒಡೆಯನಾದ ಸರದಾರನೊಬ್ಬ ಈಚೆ ದಂಡೆಯಲ್ಲಿ ನಿಂತು ನೀರಿಳಿಯುವುದನ್ನು ಕಾಯುವ ಚಿತ್ರವನ್ನು ಊಹಿಸಿಕೊಳ್ಳಬಹುದು.

ಈ ತಿಳಿವಳಿಕೆ ವೆಲ್ಲೆಸ್ಲಿಗೆ ಎಲ್ಲಿಂದ ಬಂತು? ಕಂಡದ್ದು ಸ್ವಲ್ಪ, ಕೇಳಿದ್ದು ಬಹಳ. ಹೊಳೆ ಯಾವ ನಕ್ಷತ್ರದಲ್ಲಿ ತುಂಬುತ್ತದೆ, ಎಲ್ಲಿ ಕಾಲುದಾರಿ ಇದೆ, ಯಾವ ಊರಿನಲ್ಲಿ ಜೋಳದ ಹಗೇವು ಇದೆ ಎಂಬುದನ್ನು ಅಂಬಿಗರು, ಗೌಡ–ಕುಲಕರ್ಣಿಗಳು, ಎತ್ತಿನ ಹೇರು ಹಾಕಿಕೊಂಡು ದೇಶವೆಲ್ಲ ತಿರುಗುವ ಲಮಾಣಿಗಳು ಬಲ್ಲರು. ಅವರಿಗೆ ಅದು ದಿನನಿತ್ಯದ ಮಾತು, ಯುದ್ಧದ ರಹಸ್ಯವಲ್ಲ. ಅದನ್ನು ಕಲೆಹಾಕಿ ತರುತ್ತಿದ್ದವರು ಹರಿಕಾರರು. ಇಂದು ನಾವು ಈ ಪದವನ್ನು ಎಷ್ಟು ಗೌರವದಿಂದ ಬಳಸುತ್ತೇವೆ! ನವೋದಯದ ಹರಿಕಾರ, ಕ್ರಾಂತಿಯ ಹರಿಕಾರ ಎನ್ನುತ್ತೇವೆ. ಆಗ ಹರಿಕಾರನೆಂದರೆ ಓಲೆ ಒಯ್ಯುವವನು, ಸುದ್ದಿ ತರುವವನು, ಅರ್ಧ ಬೇಹುಗಾರ. ನಮ್ಮ ಅಂಬಿಗನಿಗೂ ಲಮಾಣಿಗೂ ಗೊತ್ತಿದ್ದ ಸಂಗತಿ ಪುಣೆಯ ದರಬಾರಿನಲ್ಲಿ ಯಾರಿಗೂ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಗೊತ್ತಿತ್ತು. ಅದನ್ನು ಒಂದೆಡೆ ಬರೆದು, ಇದರಿಂದ ಮುಂದೇನು ಎಂದು ಯೋಚಿಸಿದವನು ಮಾತ್ರ ಪರದೇಶದವನು.

1802ರ ಅಕ್ಟೋಬರಿನಲ್ಲಿ ಹೋಳ್ಕರನು ಪುಣೆಯನ್ನು ಗೆದ್ದ. ಪೇಶ್ವೆ ಎರಡನೆಯ ಬಾಜೀರಾಯ ಓಡಿಹೋಗಿ, ಡಿಸೆಂಬರ್ 31ರಂದು ವಸಯಿಯಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡ. ಅವನನ್ನು ಮರಳಿ ಗಾದಿಗೆ ಕೂಡಿಸಲು ವೆಲ್ಲೆಸ್ಲಿ 1803ರ ಮಾರ್ಚ್ 9ರಂದು ಹರಿಹರದಿಂದ ಹೊರಟು, 12ರಂದು ಹಾವನೂರಿನಲ್ಲಿ ತುಂಗಭದ್ರೆ ದಾಟಿದ. ಸುಮಾರು 10,000 ಜನ, ಜೊತೆಗೆ ಮೈಸೂರಿನ ದಿವಾನ ಪೂರ್ಣಯ್ಯನವರು ಕಳುಹಿಸಿದ ಸವಾರರು. ಏಪ್ರಿಲ್ ಮೊದಲ ವಾರಕ್ಕೆ ಮೀರಜ, 20ಕ್ಕೆ ಪುಣೆ. ದಾರಿಯಲ್ಲಿ ನಮ್ಮ ಸೀಮೆಯನ್ನು ಹಾಯ್ದಾಗ ಪಟವರ್ಧನರಾಗಲಿ ಇತರ ಜಹಗೀರದಾರರಾಗಲಿ ತಡೆಯಲಿಲ್ಲ. ಹಿಂದಿನ ಸಲದ ನಡತೆಯಿಂದ, ಕೊಂಡ ಧಾನ್ಯಕ್ಕೆ ದುಡ್ಡು ಕೊಟ್ಟದ್ದರಿಂದ, ಊರವರು ಊರು ಬಿಟ್ಟು ಓಡಲಿಲ್ಲ. ಶತ್ರುವಿನ ಸಂಪತ್ತನ್ನು ಸುಡುವುದಕ್ಕಿಂತ ಕೊಳ್ಳುವುದು ಅಗ್ಗವೆಂಬ ಲೆಕ್ಕವೂ ಅವನ ಟಿಪ್ಪಣಿಯ ಭಾಗವೇ ಎನ್ನಬೇಕು. ಹಿಂದಿನ ಹೊಳೆಗಳಲ್ಲಿ ಹರಿಗೋಲುಗಳನ್ನು ಸಿದ್ಧವಾಗಿಡುವಂತೆ ಆತ ಮಳೆಗೆ ಮುನ್ನವೇ ಅಪ್ಪಣೆ ಮಾಡಿದ್ದ.

ನಿಪ್ಪಾಣಿಯ ಸಿದ್ಧೋಜಿರಾವ್ ನಿಂಬಾಳಕರ, ಜನರ ಬಾಯಲ್ಲಿ ಅಪ್ಪಾ ದೇಸಾಯಿ, ತನ್ನ ಸವಾರರೊಂದಿಗೆ ಈ ದಂಡಿನಲ್ಲಿ ಸೇರಿಕೊಂಡ. ಬಾಪು ಗೋಖಲೆಯೂ ಸೇರಿದ. ನಮ್ಮ ಕಡೆಯ ಸರದಾರರು ಇಂಗ್ಲಿಷರ ಬಲವನ್ನು ತಮ್ಮ ಕಣ್ಣಿನಿಂದಲೇ ಅಳೆಯುವ ಅವಕಾಶ ಅದು. ಆಗಸ್ಟ್ 8ರಂದು ಅಹಮದನಗರದ ಪೇಟೆಯ ಎತ್ತರದ ಗೋಡೆಯನ್ನು ಇಂಗ್ಲಿಷ್ ದಂಡು ಏಣಿ ಹಾಕಿ ಹತ್ತಿ, ಅಲ್ಪಕಾಲದಲ್ಲಿ ಗೆದ್ದಿತು. ಇವರು ಬೆಳಿಗ್ಗೆ ಬಂದು ಗೋಡೆ ನೋಡಿದರು, ಹತ್ತಿದರು, ಕಾವಲಿನವರನ್ನು ಕೊಂದು ತಿಂಡಿಗೆ ಮರಳಿದರು ಎಂಬರ್ಥದ ಬೆರಗಿನ ಮಾತು ಗೋಖಲೆಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದನ್ನು ಕಂಡೂ 1817ರಲ್ಲಿ ಅದೇ ಗೋಖಲೆ ಪೇಶ್ವೆಯ ಸೇನಾಪತಿಯಾಗಿ ಇಂಗ್ಲಿಷರ ಎದುರು ನಿಂತು, 1818ರ ಫೆಬ್ರುವರಿಯಲ್ಲಿ ಅಷ್ಟಿಯಲ್ಲಿ ಕಾದಿ ಮಡಿದ. ಎದುರಾಳಿಯ ಬಲ ಗೊತ್ತಿದ್ದೂ ಹೋಗುವವರಿರುತ್ತಾರೆ. ಲೆಕ್ಕಾಚಾರದಲ್ಲಿ ಅವರಿಗೆ ಸ್ಥಳವಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ವೆಲ್ಲೆಸ್ಲಿಯೇ 1803ರ ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ಎಡವಿದ. ಶಿಂದೆ ಮತ್ತು ಭೋಸಲೆಯ ದಂಡು ಭೋಕರದನದಲ್ಲಿದೆ ಎಂದು ಹರಿಕಾರರು ತಿಳಿಸಿದ್ದರು. ಭೋಕರದನ ಎಂಬುದು ಒಂದು ಊರಿನ ಹೆಸರೂ ಹೌದು, ಪರಗಣೆಯ ಹೆಸರೂ ಹೌದು. ಹರಿಕಾರರು ಹೇಳಿದ್ದು ಪರಗಣೆ. ದೊರೆ ತಿಳಿದದ್ದು ಊರು. ನಮ್ಮಲ್ಲಿ 'ಚಿಕ್ಕೋಡಿಯಲ್ಲಿ ಮಳೆಯಾಯಿತು' ಎಂದರೆ ಪೇಟೆಯೋ ತಾಲೂಕೋ ಎಂದು ಕೇಳುವುದಿಲ್ಲವೇ, ಹಾಗೆ. ಮರುದಿನ ಕರ್ನಲ್ ಸ್ಟೀವನ್ಸನ್ನನ ಪಡೆಯೊಂದಿಗೆ ಕೂಡಿ ಹೊಡೆಯಬೇಕೆಂದಿದ್ದವನಿಗೆ, ಒಂದು ದಿನ ಮೊದಲೇ, ಒಂಟಿಯಾಗಿ, ಕೇಳಣಾ ನದಿಯ ಆಚೆ ಸುಮಾರು ಐವತ್ತು ಸಾವಿರ ಜನರ, ನೂರರಷ್ಟು ತೋಪುಗಳ ದಂಡು ಎದುರಾಯಿತು. ಅವನ ಬಳಿ ಕಾದಾಡಲು ಇದ್ದವರು ಐದು ಸಾವಿರದ ಒಳಗೆ.

ದಾಟುವ ದಾರಿ ಇಲ್ಲವೆಂದು ದಾರಿ ತೋರಿಸುವವರು ಹೇಳಿದರು. ಆತ ದುರ್ಬೀನಿನಲ್ಲಿ ನೋಡಿದ. ಒಂದು ದಂಡೆಯಲ್ಲಿ ಪೀಪಳಗಾಂವ, ಎದುರು ದಂಡೆಯಲ್ಲಿ ವರೂರ ಕಂಡವು. ಎದುರುಬದುರಾಗಿ ಎರಡು ಊರುಗಳಿದ್ದರೆ ನಡುವೆ ದಾಟುವ ದಾರಿ ಇಲ್ಲದಿರಲು ಸಾಧ್ಯವೇ ಇಲ್ಲ ಎಂದು ತರ್ಕಿಸಿ ಸೈನ್ಯವನ್ನು ಅತ್ತ ನಡೆಸಿದ. ದಾರಿ ಇತ್ತು. ಮಲಪ್ರಭೆ, ಕೃಷ್ಣೆಗಳ ಸೀಮೆಯಲ್ಲಿ ಓಡಾಡಿದವನಿಗೆ ಈ ತರ್ಕ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಸದಲಗಾ–ಬೋರಗಾಂವಗಳನ್ನು ನೋಡಿದ ನಮ್ಮ ಹುಡುಗರೂ ಅದನ್ನೇ ಹೇಳಿಯಾರು.

ಆದರೆ ಗೆಲುವಿನ ಬೆಲೆ ಬಹಳ ದೊಡ್ಡದಾಯಿತು. 428 ಜನ ಸತ್ತರು, ಸಾವಿರಕ್ಕೂ ಮಿಕ್ಕಿ ಗಾಯಗೊಂಡರು. ಕಾದಿದವರಲ್ಲಿ ಸುಮಾರು ಮೂರರಲ್ಲೊಬ್ಬರು. ಕಾರಣವೇನು? 1801ರ ಟಿಪ್ಪಣಿಯ ಮೊದಲ ಮಾತೇ ಇಲ್ಲಿ ಸುಳ್ಳಾಯಿತು. ಮರಾಠರೆಂದರೆ ಸವಾರರು ಎಂಬುದು ದಕ್ಷಿಣದ ಪಟವರ್ಧನ, ಗೋಖಲೆಗಳ ಮಟ್ಟಿಗೆ ಸರಿ. ಶಿಂದೆಯ ಬಳಿ ಫ್ರೆಂಚ್ ಪದ್ಧತಿಯಲ್ಲಿ ತರಬೇತಾದ, ಪೋಹ್ಲ್‌ಮನ್ ಎಂಬ ಜರ್ಮನ್ನನ ಕೈಕೆಳಗಿದ್ದ ಕಾಲಾಳುಗಳ ಪಲಟಣಗಳಿದ್ದವು. ಅವರ ಗೋಲಂದಾಜರು ತೋಪು ಬಿಟ್ಟು ಕದಲದೆ ಅಲ್ಲಿಯೇ ಸತ್ತರು. ಒಂದು ಭಾಗವನ್ನು ಚೆನ್ನಾಗಿ ಕಂಡವನು ಇಡೀ ದೇಶವನ್ನು ಅದರಂತೆಯೇ ಎಣಿಸಿದ್ದ. ಶಿಂದೆಯ ಪಕ್ಷದಲ್ಲಿಯೂ ಯಾರಾದರೂ ವೆಲ್ಲೆಸ್ಲಿಯ ಒಂಟಿತನವನ್ನು ಸಕಾಲಕ್ಕೆ ಅಳೆದಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೇನೋ.

1817ರಲ್ಲಿ ಧಾರವಾಡಕ್ಕೆ ಬಂದ ಥಾಮಸ್ ಮುನ್ರೋನ ಲೆಕ್ಕ ಬೇರೆ ಬಗೆಯದು. ಅವನ ಬಳಿ ಸೈನ್ಯವೆಂಬುದು ಹೆಸರಿಗಷ್ಟೇ. ಆದರೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ದೇಶದಲ್ಲಿದ್ದು, ಬಾರಾಮಹಲು, ಕೆನರಾ, ಬಳ್ಳಾರಿ ಸೀಮೆಗಳಲ್ಲಿ ಹೊಲ ಹೊಲ ತಿರುಗಿ ಕಂದಾಯ ಕಟ್ಟಿದವನು. ಪೇಶ್ವೆಯ ಬಲ ಕೋಟೆಯಲ್ಲಿಲ್ಲ, ಈ ಊರುಗಳು ಕೊಡುವ ಹುಟ್ಟುವಳಿಯಲ್ಲಿದೆ ಎಂದು ಆತ ಕಂಡುಕೊಂಡ. ಇಲ್ಲಿಯ ರೈತರು ಬಹುಪಾಲು ಕನ್ನಡಿಗರು. ಗುತ್ತಿಗೆದಾರರ ವಸೂಲಿಯಿಂದ ಬೇಸತ್ತವರು. ಪೇಶ್ವೆಗಾಗಿ ಪ್ರಾಣ ಕೊಡುವವರಲ್ಲ ಎಂಬುದು ಅವನ ಅಂದಾಜು. ಊರಿನ ಜವಾನರನ್ನೇ ಸಂಬಳಕ್ಕಿಟ್ಟು, ಯುದ್ಧ ನಡೆಯುತ್ತಿರುವಾಗಲೇ ಶತ್ರುವಿನ ಸೀಮೆಗೆ ತನ್ನ ಅಮಲದಾರರನ್ನು ನೇಮಿಸಿ ಕಂದಾಯ ಎತ್ತತೊಡಗಿದ. ನವಲಗುಂದದಲ್ಲಿ ಹೀಗೆ ಹೋದವನು ಅಮಲದಾರ ರಾಮರಾವ್. ಆ ಹಣದಿಂದಲೇ ದಂಡಿನ ಖರ್ಚು. ಬಾದಾಮಿ ಫೆಬ್ರುವರಿಯಲ್ಲಿ ಬಿತ್ತು, ಬೆಳಗಾವಿಯ ಕೋಟೆ ಸುಮಾರು ಮೂರು ವಾರಗಳ ಮುತ್ತಿಗೆಯ ಬಳಿಕ 1818ರ ಏಪ್ರಿಲ್ 10ರಂದು ಶರಣಾಯಿತು. ಈ ಪ್ರಸಂಗವನ್ನು ಓದುವಾಗ ಕನ್ನಡಿಗನಾಗಿ ನನಗೆ ಹೆಮ್ಮೆಯೂ ಆಗುವುದಿಲ್ಲ, ನಾಚಿಕೆಯೂ ಆಗುವುದಿಲ್ಲ. ರೈತನು ಯಾರಿಗೆ ತೆರಿಗೆ ಕೊಟ್ಟರೆ ಬಿತ್ತನೆಗೆ ಕಾಳು ಉಳಿದೀತೆಂದು ಯೋಚಿಸಿದ್ದರೆ ಅವನೂ ತನ್ನ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದ.

ಆರು ವರ್ಷಗಳ ಮೇಲೆ ಅದೇ ಧಾರವಾಡದಲ್ಲಿ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆಗೆ ಕಿತ್ತೂರಿನ ವಿಷಯದಲ್ಲಿ ಅಂಕಿಗಳಿಗೇನೂ ಕೊರತೆ ಇರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ದತ್ತಕವನ್ನು ಒಪ್ಪದೆ, ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿದವನೇ ಅವನು. ಹಣವೆಷ್ಟಿದೆ, ಹುಟ್ಟುವಳಿಯೆಷ್ಟು ಎಂಬುದೆಲ್ಲ ಅವನ ದಫ್ತರದಲ್ಲಿತ್ತು. ರಾಣಿ ಚೆನ್ನಮ್ಮ ಏನು ಮಾಡಿಯಾಳು, ಶೇತಸನದಿಗಳು ಯಾರ ಮಾತಿಗೆ ಏಳುತ್ತಾರೆ ಎಂಬುದು ಯಾವ ದಫ್ತರದಲ್ಲಿಯೂ ಇರಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತ್ತು. ತೆರೆಯಲು ಕೆಲವೇ ನಿಮಿಷಗಳ ಗಡುವು ಕೊಟ್ಟು, ತೋಪು ಹೂಡಿಸಿ ನಿಂತ. ಬಾಗಿಲು ತೆರೆಯಿತು, ಆದರೆ ಹೊರಗೆ ಬಂದದ್ದು ಕಿತ್ತೂರಿನ ಪಡೆ. ಥ್ಯಾಕರೆಯೂ ಮೂವರು ಸೈನ್ಯಾಧಿಕಾರಿಗಳೂ ಅಲ್ಲಿಯೇ ಹತರಾದರು. ಅಮಟೂರ ಬಾಳಪ್ಪನ ಗುಂಡು ಥ್ಯಾಕರೆಗೆ ತಗಲಿತೆಂಬುದು ನಮ್ಮ ನಾಡಿನಲ್ಲಿ ನಡೆದುಬಂದ ಮಾತು.

ನಂತರ ಇಂಗ್ಲಿಷರು ಮಾಡಿದ ಲೆಕ್ಕದಲ್ಲಿ ಅಜಾಗರೂಕತೆ ಇರಲಿಲ್ಲ. ಒಂದು ಸಣ್ಣ ಸಂಸ್ಥಾನದ ಮೇಲೆ ಮದ್ರಾಸು, ಮುಂಬಯಿ ಎರಡೂ ಕಡೆಯ ಪಡೆಗಳನ್ನು ಕೂಡಿಸಿ, ಕರ್ನಲ್ ಡೀಕನ್ನನ ಕೈಗೆ ಕೊಟ್ಟರು. ಡಿಸೆಂಬರ್ 5ರಂದು ಕೋಟೆ ಬಿದ್ದಿತು. ಕಿತ್ತೂರಿನವರು ಹಿಡಿದಿಟ್ಟಿದ್ದ ಇಬ್ಬರು ಅಧಿಕಾರಿಗಳನ್ನು, ಎಲಿಯಟ್ ಮತ್ತು ಸ್ಟೀವನ್ಸನ್ ಎಂಬವರನ್ನು, ಚೆನ್ನಮ್ಮ ಚೆನ್ನಾಗಿಯೇ ನೋಡಿಕೊಂಡು ಮುತ್ತಿಗೆಗೆ ಮೊದಲೇ ಬಿಟ್ಟುಕೊಟ್ಟಿದ್ದಳು. ಆಗ ಇಪ್ಪತ್ತೊಂದರ ತರುಣನಾಗಿದ್ದ ಆ ವಾಲ್ಟರ್ ಎಲಿಯಟ್ ಮುಂದೆ ಧಾರವಾಡ ಸೀಮೆಯ ಊರೂರು ತಿರುಗಿ, ಗುಡಿಗಳಲ್ಲಿ, ಕೆರೆಗಳ ದಂಡೆಯಲ್ಲಿ ಬಿದ್ದಿದ್ದ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಚಾಲುಕ್ಯರ ಇತಿಹಾಸವನ್ನು ಬರೆದವರು ಮೊದಮೊದಲು ಆಧರಿಸಿದ್ದು ಅವನ್ನೇ.